ಹಳೇ ಷೆವರ್ಲೆ ಪಿಕಪ್‌ನ ಬ್ರೇಕ್ ಬಿಡ್ತಾನೇ ಇಲ್ಲ, ಅನುಭವ ಇದ್ದವರು ಹೇಳಿ

ಕೇಳಿದ್ದು, ಸಕಲೇಶಪುರದಿಂದ

ನಮ್ಮ ತಾತನ ಕಾಲದ ಷೆವರ್ಲೆ 3100 ಪಿಕಪ್ ಒಂದಿದೆ, 1951ರದ್ದು. ಆಗ ಜನರಲ್ ಮೋಟಾರ್ಸ್‌ನವರು ಬೊಂಬಾಯಿಯ ಶಿವಡಿಯಲ್ಲಿ ಗಾಡಿ ಜೋಡಿಸುತ್ತಿದ್ದರಲ್ಲ, ಅಲ್ಲಿಂದ ಬಂದದ್ದು ಅಂತ ತಾತ ಹೇಳುತ್ತಿದ್ದರು. 1954ರಲ್ಲಿ ಅವರು ಆ ಕೆಲಸ ನಿಲ್ಲಿಸಿದರು. ಗಾಡಿ ಚಿಕ್ಕದಾದರೂ ತೋಟದವರೆಲ್ಲ ಇವತ್ತಿಗೂ ಅದನ್ನು ಲಾರಿ ಅಂತಲೇ ಕರೆಯೋದು.

18 ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಈ ಬೇಸಿಗೆಯಲ್ಲಿ ಬ್ರೇಕ್ ಪೂರ್ತಿ ಬಿಚ್ಚಿಸಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್‌ಗೆ ಹೊಸ ಕಿಟ್, ಚಕ್ರದ ಹತ್ತಿರ ಇರುವ ನಾಲ್ಕೂ ವೀಲ್ ಸಿಲಿಂಡರ್‌ಗೆ ಹೊಸ ರಬ್ಬರ್, ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಶೂಗಳಿಗೆ ಹೊಸ ಲೈನಿಂಗ್, ಹೊಸ ಪೈಪು. ರಬ್ಬರ್ ಹೋಸ್ ಮೂರೂ ನೋಡೋಕೆ ಚೆನ್ನಾಗಿದ್ದವು, ಹಾಗೇ ಬಿಟ್ಟೆವು.

ಈಗ ತೊಂದರೆ ಏನಂದರೆ, ಹೊರಡುವಾಗ ಗಾಡಿ ಹಗುರಾಗಿ ಹೋಗುತ್ತದೆ. ಮೂರು ನಾಲ್ಕು ಕಿಲೋಮೀಟರ್ ಆದ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಉರುಳುವುದಿಲ್ಲ. ಡ್ರಮ್ ಮುಟ್ಟಿದರೆ ಕೈ ಸುಡುತ್ತದೆ. ಹಿಂದಿನ ಎಡಗಡೆಯದು ಎಲ್ಲಕ್ಕಿಂತ ಜಾಸ್ತಿ. ಒಂದು ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ. ನಮ್ಮ ಮೆಕ್ಯಾನಿಕ್ ಅಡ್ಜಸ್ಟ್‌ಮೆಂಟ್ ಟೈಟ್ ಆಗಿದೆ ಅಂತ ಎರಡು ಸಲ ಸಡಿಲ ಮಾಡಿದರು. ಏನೂ ಬದಲಾಗಲಿಲ್ಲ. ಈಗ ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಶಿವಮೊಗ್ಗದಿಂದ, ಗ್ಯಾರೇಜ್ ಕೆಲಸದವರು

ಈಗಲೇ ಏನೂ ಹಾಕಿಸಬೇಡಿ ಸರ್. ಮೊದಲು ತಪ್ಪು ಎಲ್ಲಿದೆ ಅಂತ ಗಾಡಿಯನ್ನೇ ಕೇಳಿ, ಅದು ಹೇಳುತ್ತದೆ. 35 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಬ್ರೇಕ್ ಹಿಡಿದ ಗಾಡಿ ಬಂದರೆ ನಾನು ಮೊದಲು ಕೈಗೆ ತಗೊಳ್ಳೋದು ಬ್ಲೀಡಿಂಗ್ ನಿಪ್ಪಲ್ಲಿನ, ಅಂದರೆ ಚಕ್ರದ ಹಿಂದೆ ಬ್ರೇಕ್ ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪಿನ ಪಾನಾ ಒಂದೇ.

ಬ್ರೇಕ್ ಕಚ್ಚಿಕೊಂಡಿರುವಾಗಲೇ ಪರೀಕ್ಷೆ ಮಾಡಬೇಕು. ಆರಿದ ಮೇಲೆ ಎತ್ತಿ ನೋಡಿದರೆ ಎಲ್ಲ ಚಕ್ರವೂ ಸುಮ್ನೆ ತಿರುಗುತ್ತದೆ, ನಿಮಗೆ ಏನೂ ಸಿಗಲ್ಲ. ತೋಟದೊಳಗೆ ಸಮತಟ್ಟು ಜಾಗದಲ್ಲೇ ಓಡಿಸಿ ಬಿಸಿ ಮಾಡಿ. ಮಿಕ್ಕ ಚಕ್ರಕ್ಕೆ ಕಲ್ಲು ಕೊಟ್ಟು ಬಿಸಿಯಾದ ಚಕ್ರವನ್ನು ಜಾಕ್ ಮೇಲೆ ಎತ್ತಿ, ಅಡಿಗೆ ಸ್ಟ್ಯಾಂಡ್ ಇಡಿ. ಕೈಯಲ್ಲಿ ತಿರುಗಿಸಿ ನೋಡಿ, ತಿರುಗಲ್ಲ. ಈಗ ಆ ಚಕ್ರದ ನಿಪ್ಪಲ್ ಅರ್ಧ ಸುತ್ತು ಬಿಡಿ. ಆಯಿಲ್ ಚಿಮ್ಮಿ ಚಕ್ರ ಸಡಿಲ ಆಯ್ತಾ? ಹಾಗಾದರೆ ಒಳಗೆ ಪ್ರೆಷರ್ ನಿಂತಿದೆ. ಶೂ, ಸ್ಪ್ರಿಂಗು, ಹ್ಯಾಂಡ್‌ಬ್ರೇಕ್ ಯಾವುದರ ತಪ್ಪೂ ಅಲ್ಲ. ಆಯಿಲ್ ಸುಮ್ನೆ ತೊಟ್ಟಿಕ್ಕಿ ಚಕ್ರ ಹಾಗೇ ಬಿಗಿಯಾಗಿದ್ದರೆ ತಪ್ಪು ಡ್ರಮ್ಮಿನ ಒಳಗೆ, ಇಲ್ಲ ಹ್ಯಾಂಡ್‌ಬ್ರೇಕ್‌ದು.

ಪ್ರೆಷರ್ ನಿಂತಿದೆ ಅಂತಾದರೆ ಗಾಡಿ ಇನ್ನೊಂದು ಸಲ ಬಿಸಿ ಮಾಡಿ ಮುಂದಿನ ಹೆಜ್ಜೆ. ಈ ಸಲ ಚಕ್ರದ ಹತ್ತಿರ ಹೋಗಬೇಡಿ, ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟು ಸಡಿಲ ಮಾಡಿ. ಅಲ್ಲಿ ಬಿಟ್ಟಾಗ ಎಲ್ಲ ಚಕ್ರವೂ ಬಿಟ್ಟರೆ ತಪ್ಪು ಮಾಸ್ಟರ್‌ದು, ಇಲ್ಲ ಪೆಡಲ್‌ದು. ಅಲ್ಲಿ ಬಿಟ್ಟರೂ ಒಂದು ಚಕ್ರ ಹಿಡಿದೇ ಇದ್ದು, ಅದರ ನಿಪ್ಪಲ್ ಬಿಟ್ಟಾಗ ಮಾತ್ರ ಸಡಿಲವಾದರೆ, ನಡುವೆ ಇರುವ ಹೋಸು.

ಇಷ್ಟಕ್ಕೆ ಒಂದು ಗಂಟೆ ಬೇಕು, ಸ್ವಲ್ಪ ಆಯಿಲ್ ಖರ್ಚು. ಆಮೇಲೆ ಯಾವ ಸಾಮಾನು ತರಬೇಕು ಅಂತ ಮಾತಾಡೋಣ.

ಮಿಷಿಗನ್‌ನಿಂದ, ಹಾಸನದ ಕಡೆಯವರು

ನಿಮ್ಮ ಗಾಡಿಯ ತಮ್ಮ ನನ್ನ ಮನೆಯಲ್ಲಿದ್ದಾನೆ, 1953ರ 3100. ಇದೇ ಕಾಯಿಲೆ ಅನುಭವಿಸಿದ್ದೇನೆ. ಒಂದು ಪ್ರಶ್ನೆ: ಬ್ರೇಕ್ ಹಿಡಿಯುವ ಹೊತ್ತಿಗೆ ಪೆಡಲ್ ಮೇಲಕ್ಕೆ ಬಂದು ಕಲ್ಲಿನ ಹಾಗೆ ಗಟ್ಟಿ ಆಗುತ್ತದೆಯೇ?

ಸಕಲೇಶಪುರದಿಂದ

ಹೌದು ಸರ್! ಬರೆಯೋಕೆ ಮರೆತೆ. ಹೊರಡುವಾಗ ಪೆಡಲ್ ಅರ್ಧದಷ್ಟು ಒಳಗೆ ಹೋಗುತ್ತದೆ. ಆಮೇಲಾಮೇಲೆ ಒಂದಿಂಚೂ ಹೋಗಲ್ಲ. ಬ್ರೇಕ್ ಚೆನ್ನಾಗಿ ಕೂತಿದೆ ಅಂತ ನಾನು ಖುಷಿಪಟ್ಟಿದ್ದೆ.

ಮಿಷಿಗನ್‌ನಿಂದ

ನಾನೂ ಹಾಗೇ ಖುಷಿಪಟ್ಟಿದ್ದೆ. ಹಾಗಾದರೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಈ ಗಾಡಿಯ ಮಾಸ್ಟರ್ ಸಿಲಿಂಡರ್ ಬಾನೆಟ್ ಕೆಳಗೆ ಇರುವುದಿಲ್ಲ. ಡ್ರೈವರ್ ಕಾಲ ಕೆಳಗೆ, ಚಾಸಿಸ್ಸಿಗೆ ಕೂತಿರುತ್ತದೆ. ನೆಲದ ತಗಡಿನಲ್ಲಿರುವ ಸಣ್ಣ ಮುಚ್ಚಳ ತೆಗೆದು ಆಯಿಲ್ ಹಾಕಬೇಕು. ಕಣ್ಣಿಗೆ ಕಾಣದ ಜಾಗ, ಹಾಗಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ.

ಆ ಸಿಲಿಂಡರಿನ ಒಳಗೆ, ಆಯಿಲ್ ತುಂಬುವ ಡಬ್ಬಿಗೂ ಪಿಸ್ಟನ್ ಓಡಾಡುವ ಕೊಳವೆಗೂ ನಡುವೆ ಎರಡು ತೂತು ಇರುತ್ತವೆ. ಒಂದು ದೊಡ್ಡದು. ಇನ್ನೊಂದು ಸೂಜಿ ಮೊನೆಯಷ್ಟು. ಎಲ್ಲ ಕತೆ ಈ ಸಣ್ಣದರದ್ದೇ. ಪೆಡಲಿನಿಂದ ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು, ಅದರ ರಬ್ಬರ್ ಬಕೆಟ್ ಈ ತೂತಿಗಿಂತ ಹಿಂದಕ್ಕೆ ಸರಿಯಬೇಕು. ಆಗ ಪೈಪಿನಲ್ಲಿ ಉಳಿದ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತದೆ. ಪಿಸ್ಟನ್ ಒಂದು ಕೂದಲೆಳೆ ಮುಂದೆ ನಿಂತರೂ ಬಕೆಟ್ಟಿನ ಅಂಚು ತೂತನ್ನು ಮುಚ್ಚಿಬಿಡುತ್ತದೆ. ಆಯಿಲ್‌ಗೆ ವಾಪಸ್ ಹೋಗುವ ದಾರಿ ಇಲ್ಲ. ಬ್ರೇಕ್ ಒತ್ತಿ ಒತ್ತಿ ಡ್ರಮ್ ಬಿಸಿ ಆಗುತ್ತದೆ, ಆಯಿಲ್ ಬಿಸಿಗೆ ಹಿಗ್ಗುತ್ತದೆ. ಹಿಗ್ಗಿದ್ದು ಹೋಗುವುದೆಲ್ಲಿಗೆ? ಶೂಗಳನ್ನೇ ಹೊರಕ್ಕೆ ನೂಕುತ್ತದೆ. ಶೂ ಉಜ್ಜಿದರೆ ಇನ್ನೂ ಬಿಸಿ, ಇನ್ನೂ ಹಿಗ್ಗು. ನಿಮ್ಮ ಪೆಡಲ್ ಮೇಲೆ ಬರುವುದು ಇದಕ್ಕೇ. ಗಂಟೆ ಬಿಟ್ಟು ಆಯಿಲ್ ತಣ್ಣಗಾದರೆ ಕುಗ್ಗುತ್ತದೆ, ಗಾಡಿ ಸಾಧು ಆಗುತ್ತದೆ.

ಪರೀಕ್ಷೆ ಸುಲಭ. ನೆಲದ ಮುಚ್ಚಳ, ಸಿಲಿಂಡರಿನ ಮುಚ್ಚಳ ಎರಡೂ ತೆಗೆದು ಟಾರ್ಚ್ ಬಿಡಿ. ಇನ್ನೊಬ್ಬರಿಗೆ ಪೆಡಲನ್ನು ಕೈಯಲ್ಲಿ ನಿಧಾನಕ್ಕೆ, ತೀರಾ ಸ್ವಲ್ಪ ಒತ್ತಲು ಹೇಳಿ. ಮೊದಲ ಚಲನೆಗೇ ಆಯಿಲ್ ಒಳಗೆ ಸಣ್ಣ ಬುಗ್ಗೆ ಏಳಬೇಕು. ಏಳದಿದ್ದರೆ ತೂತು ಮುಚ್ಚಿದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಗ್ಗಿ, ನನಗೆ ಒಂದು ಸಲ ಮುಖಕ್ಕೇ ಚಿಮ್ಮಿತು.

ಮುಚ್ಚುವುದಕ್ಕೆ ಮೂರು ಕಾರಣ ನಾನು ನೋಡಿದ್ದೇನೆ. ಒಂದು, ಪೆಡಲಿನಿಂದ ಪಿಸ್ಟನ್‌ಗೆ ಹೋಗುವ ಕಡ್ಡಿ ಉದ್ದ ಆಗಿರುವುದು. ಹೊಸ ಕಿಟ್‌ನ ಪಿಸ್ಟನ್ನಿನ ಗುಳಿ ಹಳೆಯದಕ್ಕಿಂತ ಆಳ ಕಡಿಮೆ ಇದ್ದರೆ ಹಳೇ ಅಳತೆ ಲೆಕ್ಕಕ್ಕೆ ಬರುವುದಿಲ್ಲ. ಕಾಲಲ್ಲಿ ಒತ್ತುವ ಜಾಗದಲ್ಲಿ ಕಾಲಿಂಚಿನಿಂದ ಅರ್ಧ ಇಂಚು ಆಟ ಇರಲೇಬೇಕು, ಅಂದರೆ ಅಷ್ಟು ದೂರ ಪೆಡಲ್ ಯಾವ ಅಡ್ಡಿಯೂ ಇಲ್ಲದೆ ಹೋಗಬೇಕು. ಎರಡು, ಪೆಡಲ್ಲೇ ಪೂರ್ತಿ ವಾಪಸ್ ಬರದಿರುವುದು. ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಹೋಗಿರುತ್ತದೆ, ಪೆಡಲ್ ಬುಷ್ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಹೊಸ ಮ್ಯಾಟ್ ತಡೆಯುತ್ತಿರುತ್ತದೆ. ಮೂರು, ತೂತಿಗೆ ಕಸ ಸಿಕ್ಕಿರುವುದು. ಕಸ ಅಂತ ಗಟ್ಟಿ ತಂತಿ ತೂರಿಸಬೇಡಿ. ತೂತಿನ ಅಂಚು ಮುಳ್ಳೆದ್ದರೆ ಹೊಸ ಬಕೆಟ್ಟನ್ನು ಪ್ರತಿ ಸಲ ಕೆರೆಯುತ್ತದೆ.

ನಿಮ್ಮ ಮೆಕ್ಯಾನಿಕ್ ಹೇಳಿದ ಹಾಗೆ ಮಾಸ್ಟರ್ ಬದಲಾಯಿಸಿದರೂ ಕಡ್ಡಿಯ ಉದ್ದ ಅದೇ ಇದ್ದರೆ ತೊಂದರೆಯೂ ಅದೇ ಇರುತ್ತದೆ.

ಮಡಿಕೇರಿಯಿಂದ

ಹೋಸ್ ನೋಡೋಕೆ ಚೆನ್ನಾಗಿದೆ ಅಂದಿರಲ್ಲ, ಆ ಮಾತು ಓದಿ ನಗು ಬಂತು. ನಮ್ಮ ತೋಟದ ವಿಲ್ಲಿಸ್ ಜೀಪಿನ ಹೋಸೂ ನೋಡೋಕೆ ಚೆನ್ನಾಗಿತ್ತು. ಮುಂದಿನ ಬಲಗಡೆ ಚಕ್ರ ಮಾತ್ರ ಹಿಡಿಯುತ್ತಿತ್ತು. ವೀಲ್ ಸಿಲಿಂಡರ್ ಎರಡು ಸಲ ಬದಲಾಯಿಸಿದರು, ಡ್ರಮ್ ಲೇತಿಗೆ ಹೋಗಿ ಬಂತು, ಬೇರಿಂಗ್ ಹೊಸದಾಯಿತು. ಕೊನೆಗೆ ಒಬ್ಬ ಹುಡುಗ ಹೋಸನ್ನು ಉದ್ದಕ್ಕೆ ಸೀಳಿ ತೋರಿಸಿದ. ಹೊರಗಿನ ರಬ್ಬರ್ ಗಟ್ಟಿ. ಒಳಗಿನ ಪದರ ಉಬ್ಬಿ, ಸೋರೆಕಾಯಿ ತಿರುಳಿನ ಹಾಗೆ ಬಿಟ್ಟುಕೊಂಡಿತ್ತು. ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ. ವಾಪಸ್ ಬರುವಾಗ ನೂಕೋದಕ್ಕೆ ಸ್ಪ್ರಿಂಗ್ ಒಂದೇ ತಾನೇ, ಅದಕ್ಕೆ ಆ ಬಲ ಇಲ್ಲ. ಬಾಗಿಲು ಒಂದೇ ಕಡೆಗೆ ತೆರೆದ ಹಾಗೆ.

ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ ಆಗಿತ್ತು. ಮೂರನ್ನೂ ಬದಲಾಯಿಸಿ. 18 ವರ್ಷ ನಿಂತ ಗಾಡಿಗೆ ಹಳೇ ಹೋಸ್ ಬೇಡವೇ ಬೇಡ.

ಅಂದ ಹಾಗೆ ಗಾಡಿಯ ಬಣ್ಣ ಯಾವುದು? ನಮ್ಮ ಸೋದರಮಾವನ ಹತ್ತಿರ ಹಸಿರು ಬಣ್ಣದ್ದೊಂದು ಇತ್ತು.

ಹುಬ್ಬಳ್ಳಿಯಿಂದ

ಬಿಚ್ಚಿದಾಗ ಸಿಲಿಂಡರುಗಳನ್ನು ಯಾವುದರಲ್ಲಿ ತೊಳೆದರು ಅಂತ ವಿಚಾರಿಸ್ರಿ. ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಆದರೆ ರಬ್ಬರಿಗೆ ವಿಷ. ನಮ್ಮ ಬೆಡ್‌ಫೋರ್ಡ್ ಲಾರಿಗೆ ಹಿಂಗ ಆಗಿತ್ತು. ಆಯಿಲ್ ಕಡಿಮೆ ಆಗೇತಿ ಅಂತ ಹುಡುಗ ಒಂದು ಚೂರು ಎಂಜಿನ್ ಆಯಿಲ್ ಸುರಿದಿದ್ದ. ಎರಡು ವಾರದಾಗ ನಾಲ್ಕೂ ಚಕ್ರ ಜಾಮ್. ಬಿಚ್ಚಿ ನೋಡಿದರೆ ಬಕೆಟ್ಟು ಉಬ್ಬಿ ಅಣಬೆ ಆಗಿದ್ದವು. ಮಾಸ್ಟರಿನೊಳಗಿನ ಬಕೆಟ್ ಉಬ್ಬಿದರೆ, ಮೇಲೆ ಹೇಳ್ಯಾರಲ್ಲ ಆ ಸಣ್ಣ ತೂತು, ಅದು ಮುಚ್ಚೇ ಹೋಗತದ.

ಹಂಗ ಆಗಿದ್ದರೆ ಆಯಿಲ್ ಬದಲಿಸಿದರೆ ಸಾಲದು. ರಬ್ಬರ್ ಇರುವುದೆಲ್ಲ ಹೊಸದು, ಹೋಸ್ ಸೇರಿ. ಪೈಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು ಗಾಳಿ ಹೊಡೆದು ಒಣಗಿಸಬೇಕು. ಬ್ರೇಕಿನ ರಬ್ಬರಿಗೆ ಬ್ರೇಕ್ ಆಯಿಲ್ ಬಿಟ್ಟು ಬೇರೆ ಯಾವ ಎಣ್ಣೆಯೂ ಸೋಕಬಾರದು. ಜೋಡಿಸುವಾಗ ಹಚ್ಚೋದೂ ಬ್ರೇಕ್ ಆಯಿಲ್ಲೇ.

ಬೆಂಗಳೂರಿನಿಂದ

ಮಲೆನಾಡಿನ ಗಾಡಿ ಆದ್ದರಿಂದ ಸಿಲಿಕೋನ್ ಆಯಿಲ್, ಅಂದರೆ ಡಾಟ್ 5 ಹಾಕಿ ಅಂತ ನನ್ನ ಸಲಹೆ. ಅದು ನೀರು ಹೀರುವುದಿಲ್ಲ, ಸಿಲಿಂಡರ್ ತುಕ್ಕು ಹಿಡಿಯುವುದಿಲ್ಲ, ಪೇಂಟೂ ಹಾಳಾಗಲ್ಲ. ವರ್ಷಕ್ಕೆ ನಾಲ್ಕು ದಿನ ಹೊರಡುವ ಗಾಡಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಶಿವಮೊಗ್ಗದಿಂದ

ಸರ್, ಅದನ್ನು ಈಗಿರುವ ಆಯಿಲ್ ಮೇಲೆ ಹಾಕಿದರೆ ಎರಡೂ ಬೆರೆಯಲ್ಲ. ಇಡೀ ಸಿಸ್ಟಮ್ ಒಣಗಿಸಿ, ಹೊಸ ರಬ್ಬರ್ ಹಾಕುವಾಗಲೇ ಮಾಡಬೇಕು. ಏರ್ ಬೇರೆ ಬೇಗ ಬಿಡಲ್ಲ. ನೀರು ಒಳಗೆ ಬಂದರೆ ಬೆರೆಯದೆ ತಳದಲ್ಲಿ ಹನಿಯಾಗಿ ಕೂತು ಅಲ್ಲೇ ತುಕ್ಕು ಹಿಡಿಸುತ್ತದೆ. ಹಳ್ಳಿಯಲ್ಲಿ ಯಾರೋ ಗೊತ್ತಿಲ್ಲದೆ ಸಾಮಾನ್ಯ ಆಯಿಲ್ ಸುರಿದರೆ ಮುಗಿಯಿತು.

ನಾನು ಡಾಟ್ 3 ಇಲ್ಲವೇ ಡಾಟ್ 4 ಅಂತೀನಿ. ಹೊಸ ಡಾಟ್ 3 ಕುದಿಯೋದು ಕನಿಷ್ಠ 205 ಡಿಗ್ರಿಗೆ. ನೀರು ಹೀರಿದ ಮೇಲೆ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಹೀರಿದಾಗ 155. ಎರಡು ಮಳೆಗಾಲಕ್ಕೊಮ್ಮೆ ಬದಲಾಯಿಸಿಬಿಡಿ. ಮುಚ್ಚಳ ತೆಗೆದಿಟ್ಟ ಹಳೇ ಡಬ್ಬಿದು ಮಾತ್ರ ಬೇಡ.

ಮೈಸೂರಿನಿಂದ

ಸಕಲೇಶಪುರದವರ ಗಾಡಿಗೆ ಸಂಬಂಧ ಇಲ್ಲ, ಆದರೂ ಮುಂದೆ ಓದುವವರಿಗೆ ಇರಲಿ. ನನ್ನ ಹಳೇ ಜೀಪಿಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಿ, ಮಾಸ್ಟರ್ ಮಾತ್ರ ಹಳೆಯದೇ ಉಳಿಸಿಕೊಂಡಿದ್ದೆ. ಡ್ರಮ್ ಬ್ರೇಕಿನ ಮಾಸ್ಟರಿನೊಳಗೆ ಒಂದು ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ, ಅಂದರೆ ಸ್ವಲ್ಪ ಪ್ರೆಷರ್ ಉಳಿಸಿಕೊಳ್ಳುತ್ತದೆ. ಡ್ರಮ್ಮಿಗೆ ಅದು ಬೇಕು, ಶೂ ಸ್ಪ್ರಿಂಗ್ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಡಿಸ್ಕಿನಲ್ಲಿ ಪ್ಯಾಡ್ ಹಿಂದಕ್ಕೆಳೆಯುವ ಸ್ಪ್ರಿಂಗೇ ಇಲ್ಲವಲ್ಲ, ಅಷ್ಟು ಸಾಕು ಪ್ಯಾಡ್ ಸದಾ ಉಜ್ಜುತ್ತಿರೋದಕ್ಕೆ. ಒಂದು ಸೆಟ್ ಪ್ಯಾಡ್ ತಿಂಗಳಲ್ಲಿ ಮುಗಿಸಿದೆ.

ದಾವಣಗೆರೆಯಿಂದ, ಶೂ ಲೈನಿಂಗ್ ಅಂಗಡಿಯವರು

ಪ್ರೆಷರ್ ವಿಷಯ ಎಲ್ಲರೂ ಹೇಳಿದರು. ಡ್ರಮ್ ಒಳಗಿನದನ್ನು ನಾನು ಹೇಳ್ತೀನಿ, ಯಾಕಂದರೆ ಹಿಂದಿನ ಎಡ ಚಕ್ರ ಮಾತ್ರ ಜಾಸ್ತಿ ಅಂದಿರಿ. ಪ್ರೆಷರ್ ಒಂದೇ ಕಾರಣ ಆಗಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಬಿಸಿ ಆಗಬೇಕಿತ್ತಲ್ವಾ?

1951ರ ಈ ಗಾಡಿಯದು ಬೆಂಡಿಕ್ಸ್ ಮಾದರಿ. ಎರಡು ಶೂ ಒಂದಕ್ಕೊಂದು ಆತುಕೊಂಡು ತಾವೇ ಬಿಗಿ ಆಗುವಂಥದ್ದು. ಚಿಕ್ಕ ಲೈನಿಂಗ್ ಇರುವ ಶೂ ಗಾಡಿಯ ಮುಂದಿನ ಕಡೆಗೆ, ದೊಡ್ಡದು ಹಿಂದಿನ ಕಡೆಗೆ. ಅದಲುಬದಲಾದರೆ ಬ್ರೇಕ್ ಗಬಕ್ಕನೆ ಹಿಡಿಯೋದು, ಒಂದು ಕಡೆ ಎಳೆಯೋದು, ಏನಾದರೂ ಒಂದು. ನಮ್ಮ ಅಂಗಡಿಗೆ ಬರುವ ಹತ್ತರಲ್ಲಿ ಎರಡು ಮೂರು ಹಾಗೇ ಇರುತ್ತವೆ.

ಆಮೇಲೆ ಶೂ ಕೂತಿರುವ ತಗಡು, ಅಂದರೆ ಬ್ಯಾಕ್ ಪ್ಲೇಟ್ ಮೇಲೆ ಬೆರಳಾಡಿಸಿ. ಶೂ ಜಾರುವ ಜಾಗದಲ್ಲಿ ಉಬ್ಬಿದ ಸಣ್ಣ ಹಾಸುಗಳಿರುತ್ತವೆ. ಹಳೇ ಗಾಡಿಯಲ್ಲಿ ಅಲ್ಲಿ ಗುಳಿ ಬಿದ್ದಿರುತ್ತದೆ, ಶೂ ಹೊರಗೆ ಹೋದದ್ದು ಗುಳಿಗೆ ಸಿಕ್ಕಿ ವಾಪಸ್ ಬರಲ್ಲ. ವೆಲ್ಡಿಂಗ್ ತುಂಬಿ ಉಜ್ಜಿ, ಬಿಸಿಗೆ ಕರಗದ ಗ್ರೀಸ್ ಸವರಿ. ಹುಷಾರು, ಲೈನಿಂಗಿಗೆ ತಾಗಬಾರದು. ಸ್ಪ್ರಿಂಗ್ ಹಳೆಯದಾದರೆ ಸುಮ್ನೆ ಹೊಸದು ಹಾಕಿ.

ಚಕ್ರ ತಿರುಗಿಸಿದಾಗ ಸುತ್ತಿಗೊಂದು ಸಲ ಒಂದೇ ಜಾಗದಲ್ಲಿ ಉಜ್ಜಿದರೆ ಡ್ರಮ್ ಗುಂಡಗಿಲ್ಲ ಅಂತ ಅರ್ಥ. ಅದಕ್ಕೆ ಲೇತ್ ಬೇಕು.

ಹಿಂದಿನ ಚಕ್ರ ಅಂದಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಡಬೇಡಿ. ಮಳೆ ನಾಡಲ್ಲಿ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿದು ಕೂತಿರುತ್ತದೆ. ಒಳಗೆ ಕೂತು ಲಿವರ್ ಬಿಟ್ಟರೆ ನಿಮ್ಮ ಕೈಗೆ ಬಿಟ್ಟ ಹಾಗೇ ಅನಿಸುತ್ತದೆ, ಚಕ್ರದ ಹತ್ತಿರ ಕೇಬಲ್ ಬಿಗಿಯಾಗೇ ಇರುತ್ತದೆ. ಡ್ರಮ್ ಹೊರಗಿಂದಲೇ ಕೇಬಲ್ ಕಳಚಿ ನೋಡಿ.

ಉಪ್ಪಿನಂಗಡಿಯಿಂದ, ನಿವೃತ್ತ ಬಸ್ ಡ್ರೈವರ್

ಪರೀಕ್ಷೆ ಎಲ್ಲ ಮಾಡಿ, ಆದರೆ ಸರಿ ಆಗುವ ತನಕ ಶಿರಾಡಿ ಘಾಟಿ ಇಳಿಸಬೇಡಿ. ಚಾರ್ಮಾಡಿ ಅಂತೂ ಬೇಡವೇ ಬೇಡ. ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತದೆ, ಅಪಾಯ ಏನು ಅಂತ ಕೆಲವರು ಕೇಳುತ್ತಾರೆ. ಆಯಿಲ್ ಕುದಿದರೆ ಒಳಗೆ ಆವಿ ಆಗುತ್ತದೆ ಮಾರಾಯ್ರೇ. ಆಗ ಪೆಡಲ್ ನೇರ ನೆಲಕ್ಕೆ. ಎರಡು ನಿಮಿಷದ ಮುಂಚೆ ಹಿಡಿದುಕೊಂಡಿದ್ದ ಗಾಡಿಗೆ ಈಗ ಬ್ರೇಕೇ ಇಲ್ಲ. ನಾನು ಒಮ್ಮೆ ಗುಡ್ಡಕ್ಕೆ ಒರಗಿಸಿ ನಿಲ್ಲಿಸಿದ್ದೇನೆ, ಆ ದಿನ ನೆನೆದರೆ ಈಗಲೂ ಕಾಲು ನಡುಗುತ್ತದೆ.

ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬೀಡು ಕಬ್ಬಿಣ ಸೀಳುತ್ತದೆ. ತಾನಾಗಿ ಆರಲಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕಟ್ಟಿ ಬಿಸಾಡಿ. ನಮ್ಮ ಕಾಲದಲ್ಲಿ ಬಾಯಲ್ಲಿ ಊದುತ್ತಿದ್ದೆವು, ಯಾರಿಗೂ ಗೊತ್ತಿರಲಿಲ್ಲ.

ಸಕಲೇಶಪುರದಿಂದ, ಎರಡು ವಾರದ ನಂತರ

ಎಲ್ಲರಿಗೂ ಉತ್ತರ ಬಾಕಿ ಇತ್ತು. ಮಳೆ ಬಿಡುವು ಕೊಟ್ಟ ಭಾನುವಾರ ಕೂತೆವು.

ಶಿವಮೊಗ್ಗದ ಅಣ್ಣ ಹೇಳಿದ ಹಾಗೆ ಬಿಸಿ ಮಾಡಿ ಮಾಸ್ಟರಿನ ನಟ್ಟು ಬಿಟ್ಟೆವು. ಆಯಿಲ್ ಚಿಮ್ಮಿತು. ಮೂರು ಚಕ್ರ ತಕ್ಷಣ ಬಿಟ್ಟವು. ಹಿಂದಿನ ಎಡಗಡೆಯದು ಅಲ್ಲಾಡಲಿಲ್ಲ. ಅದರ ನಿಪ್ಪಲ್ ಬಿಟ್ಟೆವು, ಆಗಲೂ ಇಲ್ಲ. ಅಂದರೆ ರೋಗ ಒಂದಲ್ಲ, ಎರಡು. ಇಷ್ಟು ದಿನ ನಮಗೆ ತಲೆಬುಡ ಗೊತ್ತಾಗದೆ ಇದ್ದದ್ದು ಇದಕ್ಕೇ. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದು ಹಾಗೇ ಇರುತ್ತಿತ್ತು, ಮಾಡಿದ್ದು ತಪ್ಪು ಅಂತ ಬಿಟ್ಟುಬಿಡುತ್ತಿದ್ದೆವು.

ಮಾಸ್ಟರ್ ಮುಚ್ಚಳ ತೆಗೆದು ನೋಡಿದರೆ ಬುಗ್ಗೆ ಏಳಲಿಲ್ಲ. ಪೆಡಲಿಗೆ ಆಟ ಅನ್ನೋದು ಸೊನ್ನೆ. ನಾನು ಚೆಂದಕ್ಕೆ ಅಂತ ಹಾಸಿದ್ದ ದಪ್ಪ ರಬ್ಬರ್ ಮ್ಯಾಟ್ ಪೆಡಲಿನ ಕಾಲಿಗೆ ಒತ್ತುತ್ತಿತ್ತು. ಅದನ್ನು ಕತ್ತರಿಸಿದ ಮೇಲೂ ಆಟ ಸಾಲಲಿಲ್ಲ. ಕಡ್ಡಿಯನ್ನು ನಾಲ್ಕು ಸುತ್ತು ಚಿಕ್ಕದು ಮಾಡಿದೆವು. ಟಾರ್ಚ್ ಬೆಳಕಲ್ಲಿ ಸಣ್ಣಗೆ ಬುಗ್ಗೆ ಎದ್ದಾಗ ನಮ್ಮ ಮೆಕ್ಯಾನಿಕ್ಕೇ ಎಲ್ಲರಿಗಿಂತ ಮೊದಲು ಕೂಗಿದರು. ಸಿಲಿಂಡರ್ ತೊಳೆದದ್ದು ಬ್ರೇಕ್ ಆಯಿಲಿನಲ್ಲೇ ಅಂತೆ, ಬಕೆಟ್ ಉಬ್ಬಿರಲಿಲ್ಲ.

ಎಡ ಚಕ್ರ ಕೇಬಲ್‌ದೇ. ಕವಚದಿಂದ ಎಳೆಯೋಕೆ ಇಬ್ಬರು ಬೇಕಾದರು, ಅದೂ ಅರ್ಧಕ್ಕೆ ತುಂಡಾಗಿ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಳತೆ ಕೊಟ್ಟು ಹೊಸದು ಮಾಡಿಸಿದೆ. ಹೋಸ್ ಮೂರೂ ಅಲ್ಲೇ ತಂದೆ. ಹಳೆಯದನ್ನು ಸೀಳಿ ನೋಡಿದೆ, ಹಿಂದಿನದು ಒಳಗೆ ಅರ್ಧ ಮುಚ್ಚಿತ್ತು. ಇನ್ನೊಂದು ವರ್ಷಕ್ಕೆ ಅದೂ ಕೈ ಕೊಡುತ್ತಿತ್ತು.

ನಿನ್ನೆ 14 ಕಿಲೋಮೀಟರ್ ಓಡಿಸಿದೆ. ನಿಲ್ಲಿಸಿ ನಾಲ್ಕೂ ಡ್ರಮ್ ಮುಟ್ಟಿದೆ, ಬಿಸಿಲಿಗಿಟ್ಟ ತಂಬಿಗೆಯಷ್ಟು ಬೆಚ್ಚಗೆ. ಮನೆಯ ಮುಂದಿನ ಸಣ್ಣ ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದೆ. ಉರುಳಿತು. ಎಷ್ಟು ಚೆನ್ನಾಗಿ ಉರುಳಿತು ಅಂದರೆ ಗಾಬರಿಯಾಗಿ ನಾನೇ ಬ್ರೇಕ್ ಒತ್ತಿದೆ.

ಮಡಿಕೇರಿಯ ಅಕ್ಕನಿಗೆ: ನಮ್ಮದೂ ಹಸಿರೇ.